ದೊಡ್ಡಮ್ಮನ ಹಣೆ ಮತ್ತು ಹರ್ಷೆಲ್‌ನ ಥರ್ಮಾಮೀಟರು

2020ರ ಬೇಸಿಗೆ. ಲಾಕ್‌ಡೌನ್ ಸ್ವಲ್ಪ ಸಡಿಲವಾದ ಮೇಲೆ ದೊಡ್ಡಮ್ಮನನ್ನು ಕರಕೊಂಡು ಸಿದ್ಧಕಟ್ಟೆ ಪೇಟೆಗೆ ಹೋಗಿದ್ದೆ. ಅಂಗಡಿ ಬಾಗಿಲಲ್ಲಿ ನಿಂತಿದ್ದ ಹುಡುಗ ಪಿಸ್ತೂಲಿನಂಥದ್ದೊಂದನ್ನು ಅವರ ಹಣೆಗೆ ಹಿಡಿದ. "ಎಂತ ಮಾರಾಯ ಅದು? ತಲೆ ಒಳಗೆ ಕಿರಣ ಬಿಡುದಂತೆ, ಬೇಡ!" ಎಂದು ದೊಡ್ಡಮ್ಮ ಮುಖ ಆಚೆ ಮಾಡಿ ಕೈ ಮುಂದೆ ಚಾಚಿದರು. ವಾಟ್ಸಾಪಿನಲ್ಲಿ ಯಾರೋ ಹಾಗೆ ಕಳಿಸಿದ್ದರಂತೆ. ಅಂತೂ ಒಪ್ಪಿಸಿ ಹಣೆಗೇ ಹಿಡಿಸಿದರೆ 38.2 ತೋರಿಸಿತು! ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಬಿಸಿಲಲ್ಲಿ ನಡೆದು ಬಂದದ್ದಲ್ವಾ ಅಂತ ಹತ್ತು ನಿಮಿಷ ನೆರಳಲ್ಲಿ ಕೂರಿಸಿ ನೋಡಿದರೆ 36.4.

ದೊಡ್ಡಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಕಿರಣ ಇದೆ. ಆದರೆ ಅದನ್ನು ಬಿಡುವುದು ಆ ಪಿಸ್ತೂಲು ಅಲ್ಲ, ದೊಡ್ಡಮ್ಮನೇ! ಅದು ಬರೀ ತಗೊಳ್ಳುವ ಯಂತ್ರ. ಕೆಲವದರಲ್ಲಿ ಕಾಣುವ ಕೆಂಪು ಚುಕ್ಕೆ ಗುರಿ ಹಿಡಿಯಲಿಕ್ಕೆ ಮಾತ್ರ, ಅಳತೆಗೂ ಅದಕ್ಕೂ ಸಂಬಂಧ ಇಲ್ಲ.

ಈ ಕಿರಣದ ಕತೆ ಶುರುವಾಗುವುದು 1800ರಲ್ಲಿ, ಇಂಗ್ಲೆಂಡಿನಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಆಗ ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದ. ಒಂದು ಗಾಜಿನಲ್ಲಿ ಬೆಳಕು ಕಡಿಮೆ, ಆದರೆ ಕಣ್ಣು ಸುಡುವಷ್ಟು ಬಿಸಿ. ಇನ್ನೊಂದರಲ್ಲಿ ತದ್ವಿರುದ್ಧ. ಯಾಕೆ ಹೀಗೆ ಅಂತ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಮಸಿ ಬಳಿದ ಥರ್ಮಾಮೀಟರು ಇಟ್ಟ. ನೇರಳೆಗಿಂತ ಹಸಿರಲ್ಲಿ, ಹಸಿರಿಗಿಂತ ಕೆಂಪಲ್ಲಿ ಹೆಚ್ಚು ಬಿಸಿ. ಆಮೇಲೆ ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿ ಇಟ್ಟರೆ ಪಾದರಸ ಇನ್ನೂ ಮೇಲೆ! ಕಣ್ಣಿಗೆ ಕಾಣದ ಬೆಳಕು. ಶಾಲೆಯಲ್ಲಿ ನಾವು 'ಅವಕೆಂಪು' ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ತಮಾಷೆಯೆಂದರೆ, ಇದೂ ಬೆಳಕೂ ಒಂದೇ ಜಾತಿ ಅಂತ ಮೊದಲು ಅಂದುಕೊಂಡಿದ್ದ ಹರ್ಷೆಲ್ ಆಮೇಲೆ ಮನಸ್ಸು ಬದಲಾಯಿಸಿ ಬೇರೆ ಬೇರೆ ಎಂದ. ಮೊದಲು ಹೇಳಿದ್ದೇ ಸರಿಯಿತ್ತು ಪಾಪ.

ಆದರೆ ಅವನು ಅಳೆದದ್ದು ಸೂರ್ಯನ, ಬೆಂಕಿಯ, ಮೇಣದಬತ್ತಿಯ ಬಿಸಿ. ಮನುಷ್ಯನ ಮೈ ಬಿಸಿ ದೂರದಿಂದ ಹಿಡಿಯಲು ಪಾದರಸ ಸಾಲದು. 1830ರ ಹೊತ್ತಿಗೆ ಇಟಲಿಯ ನೊಬಿಲಿ ಮತ್ತು ಮೆಲ್ಲೋನಿ ಎರಡು ಲೋಹಗಳ ಬೆಸುಗೆಗಳನ್ನು ಸಾಲಾಗಿ ಜೋಡಿಸಿ, ಬಿಸಿ ತಾಗಿದರೆ ವಿದ್ಯುತ್ ಹರಿಯುವ ಉಪಕರಣ ಮಾಡಿದರು. ಸುಮಾರು 30 ಅಡಿ ದೂರದಲ್ಲಿ ಮನುಷ್ಯ ನಿಂತರೂ ಅದರ ಮುಳ್ಳು ಅಲ್ಲಾಡುತ್ತಿತ್ತು. ಇವತ್ತಿನ ಪಿಸ್ತೂಲಿನ ಒಳಗಿರುವುದು ಇದರದ್ದೇ ಮರಿಮಗು, ಗಾತ್ರ ಮಾತ್ರ ಅಕ್ಕಿಕಾಳಿನಷ್ಟು. 1880ರ ಸುಮಾರಿಗೆ ಅಮೆರಿಕದ ಲ್ಯಾಂಗ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಮಾಡಿದ. ಮುಂದೆ ಅದು ಕಾಲು ಮೈಲಿ ಆಚೆಗಿನ ದನದ ಬಿಸಿಯನ್ನೂ ಹಿಡಿಯುತ್ತಿತ್ತು ಅನ್ನುತ್ತಾರೆ. (ನಮ್ಮೂರಲ್ಲಿ ಇದ್ದಿದ್ದರೆ ಗುಡ್ಡೆಯಲ್ಲಿ ತಪ್ಪಿಸಿಕೊಂಡ ದನ ಹುಡುಕಲು ಎಷ್ಟು ಸುಲಭ!)

1879ರಲ್ಲಿ ಸ್ಟೆಫಾನ್ ಲೆಕ್ಕ ಕೊಟ್ಟ. ಯಾವುದೇ ವಸ್ತು ಹೊರಸೂಸುವ ಶಕ್ತಿ ಅದರ ತಾಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಆ ಲೆಕ್ಕದಲ್ಲಿ 33 ಡಿಗ್ರಿ ಚರ್ಮದ ಒಬ್ಬ ಮನುಷ್ಯ ಸುಮಾರು 900 ವಾಟ್ ಹೊರಬಿಡುತ್ತಾನೆ. ಹೌದು, ಹತ್ತಿರ ಹತ್ತಿರ ಒಂದು ಇಸ್ತ್ರಿಪೆಟ್ಟಿಗೆಯಷ್ಟು! ಹಾಗಾದರೆ ನಾವ್ಯಾಕೆ ಹೆಪ್ಪುಗಟ್ಟುವುದಿಲ್ಲ? ಸುತ್ತಲಿನ ಗೋಡೆ, ನೆಲ, ಮಾಡು ಎಲ್ಲವೂ ನಮ್ಮ ಮೇಲೆ ಅಷ್ಟೇ ಸೂಸುತ್ತಿರುತ್ತವೆ. 28 ಡಿಗ್ರಿಯ ಕೋಣೆಯಲ್ಲಿ ಬರಿಮೈಯಲ್ಲಿ ಕೂತರೆ ಕೊಟ್ಟು ತಗೊಂಡು ಮೈಯಿಂದ ಹೋಗುವುದು ಸುಮಾರು 60 ವಾಟ್ ಮಾತ್ರ. ಮೇ ತಿಂಗಳಲ್ಲಿ ಗೋಡೆಯೂ 33ಕ್ಕೆ ಏರಿತೆಂದರೆ ಲೆಕ್ಕ ಸೊನ್ನೆ. ಆಗ ಉಳಿಯುವ ದಾರಿ ಬೆವರೊಂದೇ, ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅದೂ ಆರುವುದಿಲ್ಲ. ನಾವು ಸೆಕೆ ಸೆಕೆ ಅಂತ ಒದ್ದಾಡುವುದು ಇದಕ್ಕೇ. ರಾತ್ರಿ ಹನ್ನೊಂದಾದರೂ ತಾರಸಿ ಮನೆಯಲ್ಲಿ ಮಲಗಲಾಗುವುದಿಲ್ಲ. ಹಗಲಿಡೀ ಕಾದ ಸ್ಲ್ಯಾಬು ಮೇಲಿನಿಂದ ನಮ್ಮ ಮೇಲೆ ಅವಕೆಂಪು ಸುರಿಯುತ್ತಿರುತ್ತದೆ. ಹಂಚಿನ ಮಾಡಾದರೆ ಸಂಜೆಯಾದ ಸ್ವಲ್ಪ ಹೊತ್ತಿಗೆ ತಣಿಯುತ್ತದೆ.

ಜ್ವರದ ಕತೆ ಬೇರೆ ದಾರಿಯಲ್ಲಿ ಬಂತು. 1868ರಲ್ಲಿ ಜರ್ಮನಿಯ ವುಂಡರ್ಲಿಖ್ ಸುಮಾರು 25,000 ರೋಗಿಗಳ ಕಂಕುಳಿಗೆ ಥರ್ಮಾಮೀಟರು ಇಟ್ಟು 37 ಡಿಗ್ರಿ ಸಹಜ ಎಂದ. ಮೈ ಮುಟ್ಟದೆ ಜ್ವರ ನೋಡುವ ಯಂತ್ರ ಸಾಲು ಸಾಲು ಜನರ ಮೇಲೆ ಬಂದದ್ದು 2003ರಲ್ಲಿ, ಸಾರ್ಸ್ ಬಂದಾಗ. ಸೈನ್ಯದವರು ರಾತ್ರಿ ನೋಡಲು ಬಳಸುವ ಕ್ಯಾಮೆರಾವನ್ನೇ ಸಿಂಗಾಪುರದವರು ಜ್ವರ ಹುಡುಕಲು ತಿರುಗಿಸಿದರು. 2009ರ ಹಂದಿಜ್ವರದ ಹೊತ್ತಿಗೆ ನಮ್ಮ ದೇಶದ ವಿಮಾನ ನಿಲ್ದಾಣಗಳಿಗೂ ಬಂತು.

ಅದನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. ಕೊರೊನಾದಿಂದ ದೇಶದಲ್ಲಿ ಮೊದಲು ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರು, 2020ರ ಮಾರ್ಚ್ 10ರಂದು. ಸೌದಿಯಿಂದ ಫೆಬ್ರವರಿ 29ಕ್ಕೆ ಹೈದರಾಬಾದಿನಲ್ಲಿ ಇಳಿದಾಗ ತಪಾಸಣೆ ಆಗಿತ್ತು, ಲಕ್ಷಣ ಏನೂ ಇರಲಿಲ್ಲ. ಯಂತ್ರದ ತಪ್ಪಲ್ಲ. ಜ್ವರ ಬರುವ ಮೊದಲು ಚರ್ಮ ಸೂಸುವ ಕಿರಣದಲ್ಲಿ ವೈರಸ್ಸಿನ ಸುದ್ದಿ ಇರುವುದಿಲ್ಲ. ಪ್ಯಾರಾಸಿಟಮಾಲ್ ನುಂಗಿದವನದ್ದೂ ಹಾಗೆಯೇ.

ಅದೇ ವರ್ಷ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹಣೆ ತೋರಿಸಿ ಒಳಗೆ ಹೋದರು. ದೊಡ್ಡಮ್ಮನ ಮೊಮ್ಮಗಳೂ ಒಬ್ಬಳು. ಜೋರು ಮಳೆ, ಕೊಡೆ ಇದ್ದೂ ನೆನೆದು ಹೋಗಿದ್ದಳಂತೆ. ಒದ್ದೆ ಹಣೆಗೆ 33 ಚಿಲ್ಲರೆ ಬಂತಂತೆ, ಯಾರೂ ಏನೂ ಕೇಳಲಿಲ್ಲವಂತೆ. ಸಂಜೆ ಮನೆಗೆ ಬಂದವಳ ಹಣೆಗೆ ದೊಡ್ಡಮ್ಮ ಅಂಗೈ ಇಟ್ಟು "ಬಿಸಿ ಉಂಟು" ಅಂದರು. ಹಳೇ ಪಾದರಸದ ಥರ್ಮಾಮೀಟರು ಹುಡುಕಿ ಇಟ್ಟೆವು. ಬಿಸಿ ಇರಲಿಲ್ಲ. ಮಳೆಯಲ್ಲಿ ತಣ್ಣಗಾಗಿದ್ದದ್ದು ದೊಡ್ಡಮ್ಮನ ಕೈ.