'ಸೆಟ್ಲ್' ಎಂಬ ಕ್ರಿಯಾಪದವೂ ಕಂದಾಯದ ಕಾಗದಪತ್ರಗಳೂ

ಈಸ್ಟ್ ಇಂಡಿಯಾ ಕಂಪನಿಯ ಕಂದಾಯಪತ್ರಗಳನ್ನು ಮೊದಲ ಬಾರಿಗೆ ಓದುವ ವಿದ್ಯಾರ್ಥಿಯು, ತನಗೆ ಚೆನ್ನಾಗಿ ತಿಳಿದಿದೆಯೆಂದು ತೋರುವ ಪದಗಳಲ್ಲಿಯೇ ಹೆಚ್ಚಾಗಿ ಎಡವುತ್ತಾನೆ. ಗ್ರಾಮವೊಂದನ್ನು 'ಸೆಟ್ಲ್' ಮಾಡಲಾಯಿತೆಂಬ ವಾಕ್ಯವನ್ನು ನಮ್ಮ ತರಗತಿಯಲ್ಲೊಬ್ಬರು, ಅಲ್ಲಿ ಜನರನ್ನು ನೆಲೆಗೊಳಿಸಲಾಯಿತೆಂದು ಅನುವಾದಿಸಿದರು. ಗ್ರಾಮವೋ ಬಹುಕಾಲದಿಂದ ಅಲ್ಲಿಯೇ ಇದ್ದುದು. ಅದು ಕೊಡಬೇಕಾದ ಕಂದಾಯವು ನಿಷ್ಕರ್ಷೆಯಾಯಿತೆಂಬುದಷ್ಟೇ ಪತ್ರದ ಅಭಿಪ್ರಾಯ.

ಈ ಕ್ರಿಯಾಪದದ ಮೂಲವು ಪ್ರಾಚೀನ ಇಂಗ್ಲಿಷಿನಲ್ಲಿ ಆಸನವೆಂಬರ್ಥದ 'ಸೆಟ್ಲ್' ಶಬ್ದ. ಧೂಳು ಕೂರುವುದು, ಹಕ್ಕಿ ಕೊಂಬೆಯ ಮೇಲೆ ಕೂರುವುದು, ಮನುಷ್ಯನು ಒಂದೂರಿನಲ್ಲಿ ನೆಲೆಸುವುದು, ಇವೆಲ್ಲ ಅದರಿಂದ ಸಹಜವಾಗಿ ಹುಟ್ಟಿದ ಅರ್ಥಗಳು. ಆದರೆ ವ್ಯಾಜ್ಯ ತೀರಿಸುವುದೆಂಬ ಅರ್ಥದಲ್ಲಿ ಮತ್ತೊಂದು ಹಳೆಯ ಕ್ರಿಯಾಪದವೂ ಬೆರೆತಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ, ಅದರರ್ಥ ರಾಜಿಯಾಗುವುದು. ಹೀಗೆ ಕೂರುವಿಕೆಯೂ ರಾಜಿಯೂ ಒಂದೇ ಉಚ್ಚಾರಣೆಯಲ್ಲಿ ಅಡಗಿದವು. ಅಂಗಡಿಯ ಲೆಕ್ಕ ಚುಕ್ತಾ ಮಾಡುವುದಕ್ಕೂ, ಹಳೆಯ ಹಗೆ ತೀರಿಸಿಕೊಳ್ಳುವುದಕ್ಕೂ, 'ಫಾರ್' ಸೇರಿದಾಗ ಸಿಕ್ಕಿದಷ್ಟಕ್ಕೆ ಒಪ್ಪಿಕೊಳ್ಳುವುದಕ್ಕೂ ಇಂದು ಅದೇ ಪದ.

ಕಾನೂನಿನಲ್ಲಿಯೂ ಇದೇ ಸಂಕರ. 1701ರ 'ಆ್ಯಕ್ಟ್ ಆಫ್ ಸೆಟ್ಲ್‌ಮೆಂಟ್' ಇಂಗ್ಲೆಂಡಿನ ಸಿಂಹಾಸನದ ಉತ್ತರಾಧಿಕಾರವನ್ನು ನಿಶ್ಚಯಿಸಿತು. ಅದಕ್ಕೂ ಹಿಂದಿನ 1662ರ ಕಾಯಿದೆಯಲ್ಲಿ 'ಸೆಟ್ಲ್‌ಮೆಂಟ್' ಎಂದರೆ ಬಡವನು ತನ್ನದೆಂದು ಹೇಳಬಹುದಾದ ಪ್ಯಾರಿಷ್. ಬೇರೆ ಪ್ಯಾರಿಷಿಗೆ ಬಂದು ನೆಲೆಸಲೆತ್ನಿಸುವ ಬಡವನನ್ನು, ನಾಲ್ವತ್ತು ದಿನಗಳೊಳಗೆ ದೂರು ಬಂದರೆ, ಹಿಂದಕ್ಕೆ ಅಟ್ಟಬಹುದಾಗಿತ್ತು.

ಭಾರತದಲ್ಲಿ ಈ ಪದಕ್ಕೆ ಜೋಡಿಯಾಗಿ ನಿಂತದ್ದು ಪಾರಸಿಯ 'ಬಂದೋಬಸ್ತ್'. ಕಾರ್ನ್‌ವಾಲಿಸನು 1793ರಲ್ಲಿ ಬಂಗಾಳದ ಜಮೀನ್ದಾರರೊಡನೆ ಮಾಡಿದ ಶಾಶ್ವತ ವ್ಯವಸ್ಥೆಯನ್ನು ಎರಡು ಹೆಸರುಗಳಿಂದಲೂ ಕರೆದರು. ಇಂಗ್ಲಿಷ್ ಪದದಲ್ಲಿ ರಾಜಿಯ ಛಾಯೆಯಿದ್ದರೆ ಪಾರಸಿಯದರಲ್ಲಿರುವುದು ಕಟ್ಟುವಿಕೆ. ಗುಮಾಸ್ತನ ಭಾಷೆಯೇ ಹೆಚ್ಚು ಪ್ರಾಮಾಣಿಕವಾಗಿತ್ತೆಂದು ನಮಗೆ ತೋರುತ್ತದೆ. (ಕನ್ನಡದಲ್ಲಿ ಈಗ ಬಂದೋಬಸ್ತೆಂದರೆ ಪೋಲೀಸರ ಕಾವಲೇ ನೆನಪಾಗುವುದು ಬೇರೆ ಮಾತು.)

ದಕ್ಷಿಣದಲ್ಲಿ ತೊಡಕು ಹೆಚ್ಚು. 1799-1800ರಲ್ಲಿ ಕೆನರಾದ ಕಲೆಕ್ಟರನಾಗಿದ್ದು, ಅನಂತರ ಬಳ್ಳಾರಿಯನ್ನೊಳಗೊಂಡ ದತ್ತ ಜಿಲ್ಲೆಗಳಿಗೆ ಬಂದ ಥಾಮಸ್ ಮನ್ರೋವಿನ ಕಾಲದ ಪತ್ರಗಳಲ್ಲಿ 'ಸೆಟ್ಲ್‌ಮೆಂಟ್' ಸಾಮಾನ್ಯವಾಗಿ ವರ್ಷವರ್ಷದ ಜಮಾಬಂದಿ. ಮುಂಬಯಿ ಇಲಾಖೆಯಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರ ಅಳತೆ ಆರಂಭವಾದ 1830ರ ದಶಕದ ಅನಂತರ, ಅದೇ ಪದಕ್ಕೆ ಮೂವತ್ತು ವರ್ಷಗಳ ದರನಿಗದಿಯೆಂಬ ಅರ್ಥವು ಬಲವಾಯಿತು. ಆ ಕ್ರಮವು ಮುಂದೆ ಧಾರವಾಡಕ್ಕೂ, 1860ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದಿತು. ಎರಡನ್ನೂ ಒಂದೆಂದು ಎಣಿಸಿದವರು ಒಂದು ವರ್ಷದ ಬೇಡಿಕೆಯನ್ನು ಒಂದು ತಲೆಮಾರಿನ ದರವೆಂದು ಲೆಕ್ಕಹಾಕುವ ಅಪಾಯವಿದೆ.

ಇದಕ್ಕಿಂತ ಸೂಕ್ಷ್ಮವಾದುದು ವ್ಯಾಕರಣದ ವಿಷಯ. ಜಗಳ 'ಸೆಟ್ಲ್' ಆಗಬೇಕಾದರೆ ಇಬ್ಬರು ಒಪ್ಪಬೇಕು. ಜಿಲ್ಲೆಯನ್ನು 'ಸೆಟ್ಲ್' ಮಾಡಲು ಕರ್ತೃವಾಗಿ ಕಲೆಕ್ಟರನೊಬ್ಬನೇ ಸಾಕು. ರೈತನು ಆ ವಾಕ್ಯದಲ್ಲಿ ಬಹುಮಟ್ಟಿಗೆ ಕಾಣಿಸಿಕೊಳ್ಳುವುದೇ ಇಲ್ಲ. ಮೂರು ದಶಕಗಳಿಂದ ಹೀಗೆ 'ಸೆಟ್ಲ್' ಆಗುತ್ತ ಬಂದಿದ್ದ ಕೆನರಾದಲ್ಲಿಯೇ 1830-31ರಲ್ಲಿ ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯ ಕೊಡಲು ನಿರಾಕರಿಸಿದರು. ಕ್ರಿಯಾಪದವು ಮುಚ್ಚಿದ್ದ ಎರಡನೆಯ ಪಕ್ಷವು ಕೂಟಗಳಲ್ಲಿ ಪ್ರತ್ಯಕ್ಷವಾಯಿತು. ಆದುದರಿಂದ ಈ ಪದವನ್ನು 'ಒಪ್ಪಂದ'ವೆಂದು ಅನುವಾದಿಸುವುದಕ್ಕೆ ನಾವು ಸಮ್ಮತಿಸಲಾರೆವು. 'ನಿಗದಿ' ಎಂದರೆ ಸಾಕು.

ಕೂರಿಸುವುದೆಂಬ ಮೂಲಾರ್ಥಕ್ಕೂ ಆಡಳಿತದಲ್ಲಿ ಕಠೋರವಾದ ಪ್ರಯೋಗ ದೊರೆಯಿತು. 1924ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ 'ಸೆಟ್ಲ್‌ಮೆಂಟ್' ಎಂದರೆ, ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆಯಲಾದ ಸಮುದಾಯಗಳನ್ನು ಅಪ್ಪಣೆಯಿಲ್ಲದೆ ಹೊರಹೋಗದಂತೆ ಇರಿಸುತ್ತಿದ್ದ ವಸತಿ. ಆ ಕಾಯಿದೆಯು 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲಿ ಅಂತಹ ವಸತಿಯಿದ್ದ ಬಡಾವಣೆಯನ್ನು ಜನರು ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ.