ಸಮುದ್ರಕ್ಕೆ ಸೊನ್ನೆ ಬರೆದ ಕಥೆ

ಸಮುದ್ರದ ಎತ್ತರ ಎಷ್ಟು? ಸೊನ್ನೆ. ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಇದೇ. ರೈಲು ನಿಲ್ದಾಣದ ಹಳದಿ ಫಲಕದಲ್ಲೂ 'ಸಮುದ್ರ ಮಟ್ಟದಿಂದ ಇಷ್ಟು ಮೀಟರ್' ಎಂದು ಬರೆದಿರುತ್ತದೆ. ಆದರೆ ಈ ಸೊನ್ನೆಯನ್ನು ಸಮುದ್ರ ತಾನಾಗಿ ಕೊಟ್ಟದ್ದಲ್ಲ, ಮನುಷ್ಯರು ಕೂತು ಬರೆದದ್ದು. ಅದನ್ನು ಎಲ್ಲಿಯವರೆಗೆ ಬರೆದರು ಎಂಬುದರ ಮೇಲೆ ಕರಾವಳಿಯ ಊರು, ಗದ್ದೆಗಳ ಲೆಕ್ಕ ನಿಂತಿದೆ.

ಸಮುದ್ರ ಒಂದು ಮಟ್ಟದಲ್ಲಿ ನಿಲ್ಲುವುದಿಲ್ಲ. ಉಬ್ಬರದಲ್ಲಿ ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ಹಾಗಾಗಿ ಹಿಂದಿನ ಸರ್ವೆಯವರು ಬಂದರುಗಳಲ್ಲಿ ನೀರಿನ ಏರಿಳಿತವನ್ನು ದೀರ್ಘಕಾಲ ಅಳೆದು, ಸರಾಸರಿ ತೆಗೆದು, ಅದನ್ನೇ ಸೊನ್ನೆ ಎಂದು ಹಿಡಿದರು. 1909ರಲ್ಲಿ ಮುಗಿದ ಭಾರತದ ಮೊದಲ ಎತ್ತರದ ಲೆಕ್ಕಕ್ಕೆ ಹೀಗೆ ಒಂಬತ್ತು ಬಂದರುಗಳು ಆಧಾರವಾದವು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು.

ಆಗ ಎತ್ತರ ಅಳೆಯುವವರು ಕೋಲು, ದುರ್ಬೀನು ಹಿಡಿದು ನೆಲದ ಮೇಲೆಯೇ ನಡೆಯುತ್ತಿದ್ದರು. ನೀರು ಯಾವುದು, ನೆಲ ಯಾವುದು ಎಂಬ ಗೊಂದಲ ಅವರಿಗೆ ಇರಲಿಲ್ಲ. ಅಳತೆ ಆಕಾಶದಿಂದ ಶುರುವಾದಾಗ ಆ ಗೊಂದಲ ಬಂತು.

2000ದ ಫೆಬ್ರವರಿ 11ರಂದು ಅಮೆರಿಕದ 'ಎಂಡೆವರ್' ಬಾಹ್ಯಾಕಾಶ ನೌಕೆ ಆರು ಜನರನ್ನು ಹೊತ್ತು ಮೇಲೇರಿತು. ನೌಕೆಯಲ್ಲಿ ಒಂದು ರೇಡಾರ್ ಇತ್ತು. ಅಲ್ಲಿಂದ ಹೊರಚಾಚಿದ 60 ಮೀಟರ್ ಉದ್ದದ ಕಂಬದ ತುದಿಯಲ್ಲಿ ಇನ್ನೊಂದು ಆಂಟೆನಾ ಇತ್ತು. ಎರಡು ಕಣ್ಣಿನಿಂದ ನೋಡಿ ನಾವು ದೂರವನ್ನು ಅಂದಾಜು ಮಾಡುವ ಹಾಗೆ, ಎರಡು ಆಂಟೆನಾಗಳಿಗೆ ಮರಳಿ ಬಂದ ಅಲೆಗಳನ್ನು ಹೋಲಿಸಿ ನೆಲದ ಎತ್ತರ ಲೆಕ್ಕ ಹಾಕಿದರು. ಹನ್ನೊಂದು ದಿನಗಳ ಆ ಯಾನದಲ್ಲಿ ಭೂಮಿಯ ಸುಮಾರು ಶೇ 80ರಷ್ಟು ನೆಲದ ಅಳತೆ ಸಿಕ್ಕಿತು. ನಮ್ಮ ಇಡೀ ದೇಶ ಅದರೊಳಗೆ ಬಂತು.

ನೀರಿನ ಮೇಲೆ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಕಲ್ಲು, ಮಣ್ಣು, ಗಿಡಗಳಿಗೆ ತಾಗಿದ ರೇಡಾರ್ ಅಲೆ ಚೆದುರುತ್ತದೆ, ಅದರಲ್ಲಿ ಒಂದು ಪಾಲು ನೌಕೆಗೆ ಮರಳುತ್ತದೆ. ನೀರು ಕನ್ನಡಿಯ ಹಾಗೆ. ಓರೆಯಾಗಿ ಬಿದ್ದ ಅಲೆಯನ್ನು ಆಚೆ ಕಡೆಗೆ ಜಾರಿಸಿಬಿಡುತ್ತದೆ. ಮರಳಿ ಬಂದದ್ದು ಅತ್ಯಲ್ಪ, ಉಳಿದದ್ದು ಬರೀ ಗದ್ದಲ. ಹಾಗಾಗಿ ಕಚ್ಚಾ ಲೆಕ್ಕದಲ್ಲಿ ಸಮುದ್ರ ಉಬ್ಬುತಗ್ಗಿನ ಬಯಲಿನಂತೆ ಕಂಡಿತು. ಒಂದು ಕಡೆ ಇಲ್ಲದ ದಿಬ್ಬ, ಪಕ್ಕದಲ್ಲೇ ಇಲ್ಲದ ಗುಂಡಿ, ಇನ್ನೊಂದು ಕಡೆ ಅಂಕಿಯೇ ಇಲ್ಲದ ಖಾಲಿ ಜಾಗ.

ಇದನ್ನು ತೊಳೆಯುವುದು ಸುಲಭ ಅಂತ ಅನ್ನಿಸಬಹುದು. ಸೊನ್ನೆಗಿಂತ ಕೆಳಗಿರುವುದೆಲ್ಲ ಸಮುದ್ರ ಅಂದರಾಯಿತಲ್ಲ? ಹಾಗೆ ಮಾಡಿದರೆ ಕೇರಳದ ಕುಟ್ಟನಾಡಿನ ಭತ್ತದ ಗದ್ದೆಗಳು ಕಡಲಾಗುತ್ತವೆ. ಅಲ್ಲಿನ ರೈತರು ಒಡ್ಡು ಕಟ್ಟಿ, ನೀರು ಹೊರಹಾಕಿ, ಸಮುದ್ರ ಮಟ್ಟಕ್ಕಿಂತ ಕೆಳಗಿನ ನೆಲದಲ್ಲಿ ಬೆಳೆ ತೆಗೆಯುತ್ತಾರೆ. ನೆದರ್ಲೆಂಡ್ಸ್‌ನ ಎಷ್ಟೋ ಊರುಗಳ ಕಥೆಯೂ ಅಷ್ಟೇ. ಇನ್ನೊಂದು ಕಡೆ, ಸೊನ್ನೆಗಿಂತ ಮೇಲೆ ಬಂದ ಸುಳ್ಳು ದಿಬ್ಬಗಳು ದ್ವೀಪಗಳಾಗಿ ಕಡಲಲ್ಲೇ ಉಳಿದುಬಿಡುತ್ತವೆ. ಬರೀ ಅಂಕಿ ನೋಡಿ ನೀರು ಯಾವುದು, ನೆಲ ಯಾವುದು ಎಂದು ಹೇಳಲಾಗದು.

ಅದಕ್ಕೇ ಅಮೆರಿಕದ ನಕ್ಷೆ ಸಂಸ್ಥೆ ಬೇರೆ ದಾರಿ ಹಿಡಿಯಿತು. ಮೊದಲು ನೀರಿನ ಅಂಚು ಗುರುತಿಸುವುದು, ಆಮೇಲೆ ಎತ್ತರ ಬರೆಯುವುದು. ರೇಡಾರ್ ಚಿತ್ರದಲ್ಲಿ ನೀರು ಕಪ್ಪಗೆ ಕಾಣುತ್ತದೆ. ಅದರ ಜೊತೆಗೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಂದ ಸಿಕ್ಕ ಮಾಹಿತಿಯನ್ನೂ ಇಟ್ಟುಕೊಂಡು ದಡದ ಗೆರೆ ಎಳೆದರು. ಗೆರೆಯ ಆಚೆಗಿನ ಸಮುದ್ರಕ್ಕೆಲ್ಲ ಸೊನ್ನೆ ಬರೆದರು. 600 ಮೀಟರ್‌ಗಿಂತ ಉದ್ದದ ಕೆರೆ, ಸರೋವರಗಳನ್ನು ಒಂದೇ ಮಟ್ಟಕ್ಕೆ ತಂದರು. ಅಗಲವಾದ ನದಿಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಸರಿಪಡಿಸಿದರು. ಹಾರಾಟ ಹನ್ನೊಂದು ದಿನದ್ದು. ಅದರ ಲೆಕ್ಕ ಹಾಕಿ, ನೀರು ತೊಳೆದು ಮುಗಿಸುವುದಕ್ಕೆ ವರ್ಷಗಳೇ ಹಿಡಿದವು. ಇದರ ಇನ್ನಷ್ಟು ಸೂಕ್ಷ್ಮವಾದ, 30 ಮೀಟರ್ ಅಂತರದ ಲೆಕ್ಕವನ್ನು ಜಗತ್ತಿಗೆಲ್ಲ ಬಿಟ್ಟುಕೊಡುವುದಾಗಿ ಅಮೆರಿಕ 2014ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು.

ನೀರು ತೊಳೆದರೂ ದಡದ ಈಚೆಗಿನ ದೋಷ ಹಾಗೇ ಉಳಿಯಿತು. ರೇಡಾರ್‌ಗೆ ತೆಂಗಿನ ತಲೆಯೂ ಮನೆಯ ಮಾಡೂ ನೆಲವೇ. ಹಾಗಾಗಿ ಕರಾವಳಿ ಇರುವುದಕ್ಕಿಂತ ಎತ್ತರವಾಗಿ ಕಂಡಿತು. 'ಕ್ಲೈಮೇಟ್ ಸೆಂಟ್ರಲ್' ಸಂಸ್ಥೆಯ ಸ್ಕಾಟ್ ಕಲ್ಪ್ ಮತ್ತು ಬೆಂಜಮಿನ್ ಸ್ಟ್ರಾಸ್ 2018ರಲ್ಲಿ ಇದನ್ನು ಪರೀಕ್ಷಿಸಿದರು. ಅಮೆರಿಕದ ತಗ್ಗಿನ ಕರಾವಳಿಯಲ್ಲಿ ಸರಾಸರಿ ಮೂರೂವರೆ ಮೀಟರ್‌ಗಿಂತ ಹೆಚ್ಚು ತಪ್ಪು ಸಿಕ್ಕಿತು. ತಿದ್ದಿದ ಲೆಕ್ಕದಿಂದ 2019ರಲ್ಲಿ ಅವರು ಹೇಳಿದ್ದು ಇದು: ಉಬ್ಬರದ ಗೆರೆಯಿಂದ ಒಂದು ಮೀಟರ್‌ಗಿಂತ ಕಡಿಮೆ ಎತ್ತರದ ನೆಲದಲ್ಲಿ ಸುಮಾರು 23 ಕೋಟಿ ಜನ ಬದುಕುತ್ತಿದ್ದಾರೆ.

ಈಗ ಕುಮಟಾ ಕಡೆಯ ಅಘನಾಶಿನಿ ಅಳಿವೆಗೆ ಬನ್ನಿ. ಅಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಉಪ್ಪುನೀರಿನ ಸಿಗಡಿ, ಮೀನು. ಒಂದೇ ಜಾಗ ಕೆಲವು ತಿಂಗಳು ನೆಲ, ಕೆಲವು ತಿಂಗಳು ನೀರು. ಆ ನೌಕೆ ಹಾರಿದ್ದು ಫೆಬ್ರವರಿಯಲ್ಲಿ. ಅದರ ಲೆಕ್ಕದಲ್ಲಿ ಎತ್ತರ ಇರುವುದು ಪೂರ್ಣ ಮೀಟರ್‌ಗಳಲ್ಲಿ ಮಾತ್ರ. ಗಜನಿಯ ಬದುಕು ನಿಂತಿರುವುದು ಅದಕ್ಕಿಂತ ಸಣ್ಣ ಅಂತರದ ಮೇಲೆ.

ಪ್ರವಾಹದ ನಕ್ಷೆ, ರಸ್ತೆ, ತಡೆಗೋಡೆಯ ಯೋಜನೆ ಹೀಗೆ ಎಷ್ಟೋ ಕೆಲಸಗಳು ಶುರುವಾಗುವುದು ಇಂಥ ಎತ್ತರದ ಲೆಕ್ಕದಿಂದ. ನಿಮ್ಮ ಊರಿಗೆ ಯಾರಾದರೂ ನಕ್ಷೆ ಹಿಡಿದು ಬಂದರೆ ಎರಡು ಪ್ರಶ್ನೆ ಕೇಳಿ. ಈ ಎತ್ತರ ಅಳೆದದ್ದು ಯಾವಾಗ? ನೀರಿನ ಗೆರೆ ಎಳೆದದ್ದು ಯಾರು? ಉಬ್ಬರದ ದಿನ ನೀರು ಯಾವ ಒಡ್ಡಿನವರೆಗೆ ಬರುತ್ತದೆ ಎಂಬುದು ನಿಮಗೆ ಗೊತ್ತು. ಅದನ್ನೂ ಆ ನಕ್ಷೆಯ ಮೇಲೆ ಬರೆಸಿ.