ಹತ್ತು ಮಂದಿ ಸಾಕು ಅಂದಿದ್ದ ಕಾಯ್ದೆ

ನಮ್ಮ ಹಳಿಯಾಳ ಸೀಮೆಯಲ್ಲಿ ಈಗ ಎಲ್ಲಿ ನಾಲ್ಕು ಜನ ರೈತರು ಕೂತರೂ ಎಫ್‌ಪಿಒ ಮಾತು ಬರುತ್ತೆ. ರೈತರೇ ಕೂಡಿ ಕಂಪನಿ ಮಾಡೋಣ, ಗೋವಿನಜೋಳ ನಾವೇ ಮಾರೋಣ, ಗೊಬ್ಬರ ನಾವೇ ತರಿಸೋಣ. ಮಾತು ಚಲೋ ಇದೆ. ಆದರೆ ಚಹಾ ಮುಗಿಯೋದರೊಳಗೆ ಒಂದೇ ಕಡೆ ಬಂದು ನಿಲ್ಲುತ್ತೆ: "ಮುನ್ನೂರು ಮಂದಿ ಎಲ್ಲಿಂದ ತರೂದು?"

2020ರ ಕೇಂದ್ರ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಕನಿಷ್ಠ 300 ಸದಸ್ಯರು, ಗುಡ್ಡಗಾಡಿಗೆ 100 ಅಂತ ಇದೆ. ಸದಸ್ಯ ಹಾಕಿದ ಷೇರಿಗೆ ಸರಿಸಮನಾಗಿ ಸರ್ಕಾರವೂ ಒಬ್ಬರಿಗೆ 2000 ರೂಪಾಯಿವರೆಗೆ, ಒಂದು ಸಂಸ್ಥೆಗೆ ಹೆಚ್ಚೆಂದರೆ 15 ಲಕ್ಷ ಕೊಡುತ್ತೆ. ಹಾಗಾಗಿ ಆಧಾರ್ ಝೆರಾಕ್ಸ್ ಕೂಡಿಸುವ ಕೆಲಸವೇ ಮೊದಲು ಶುರುವಾಗುತ್ತೆ. ಅಣ್ಣನ ಹೆಸರು, ತಮ್ಮನ ಹೆಸರು, ಹುಬ್ಬಳ್ಳಿಯಲ್ಲಿ ನೌಕರಿ ಮಾಡೋ ಅಳಿಯನ ಹೆಸರು. ತಮಾಷೆ ಅಂದ್ರೆ, ಕಂಪನಿ ಕಾಯ್ದೆ ಉತ್ಪಾದಕ ಕಂಪನಿಗೆ ಕೇಳೋದು ಬರೀ 10 ಜನ ಉತ್ಪಾದಕರನ್ನ. ಮುನ್ನೂರು ಕೇಳೋದು ಅನುದಾನ.

ಈ ಹತ್ತು ಅನ್ನೋ ಲೆಕ್ಕ ಹೊಸದಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಲ್ಲೂ ಇಷ್ಟೇ ಇತ್ತು. ಒಂದೇ ಊರಿನ, 18 ವರ್ಷ ದಾಟಿದ ಹತ್ತು ಮಂದಿ ಕೂಡಿದರೆ ಸಂಘ. ಹಳ್ಳಿಯ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲಿಗರೇ ಆಗಿರಬೇಕು. ಆಗ ಧಾರವಾಡ ಜಿಲ್ಲೆಯೂ ನಮ್ಮ ಉತ್ತರ ಕನ್ನಡವೂ ಮುಂಬೈ ಪ್ರಾಂತದಲ್ಲೇ ಇದ್ದವು. ಈ ಕಾಯ್ದೆಯಡಿ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಂಘ ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1843ರಲ್ಲಿ ಹುಟ್ಟಿದವರು, ಆಗಲೇ ಅರವತ್ತು ದಾಟಿತ್ತು. ದೇಶದ ಮೊದಲ ಕೃಷಿ ಪತ್ತಿನ ಸಂಘ ಅದೇ ಅಂತ ನಾವು ಹೇಳ್ತೇವೆ, ತಮಿಳುನಾಡಿನ ತಿರೂರಿನವರು 1904ರ ತಮ್ಮದೇ ಮೊದಲು ಅಂತಾರೆ. ಆ ಜಗಳ ಇಲ್ಲಿ ಬೇಡ.

ಹಿನ್ನೆಲೆ ಸ್ವಲ್ಪ ಹೇಳಬೇಕು. 1875ರಲ್ಲಿ ಪುಣೆ, ಅಹಮದನಗರ ಕಡೆ ರೈತರು ಸಾವ್ಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನ ಸುಟ್ಟಿದ್ದರು. ಸರ್ಕಾರ 1879ರಲ್ಲಿ ರೈತರ ಪರಿಹಾರಕ್ಕೆ ಕಾಯ್ದೆ ಮಾಡಿತು, 1883 ಮತ್ತು 1884ರಲ್ಲಿ ತಗಾವಿ ಸಾಲದ ಕಾಯ್ದೆ ಮಾಡಿತು. ಆದರೂ ಬಿತ್ತಿಗೆ ಹೊತ್ತಿನಲ್ಲಿ ರೈತ ನಿಲ್ಲುತ್ತಿದ್ದದ್ದು ಸಾವ್ಕಾರನ ಕಟ್ಟೆಯ ಮುಂದೇ. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಯವರಿಂದಲೇ ಸಾಲದ ಸಂಘ ಮಾಡಿಸಿದ್ದನ್ನ ನೋಡಿಬಂದ ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ದೊಡ್ಡ ವರದಿ ಕೊಟ್ಟರು. ಅದರ ಫಲ 1904ರ ಕಾಯ್ದೆ.

ಆ ಕಾಯ್ದೆಯ ಜೀವ ಇದ್ದದ್ದು ಒಂದೇ ಮಾತಿನಲ್ಲಿ: ಅಪರಿಮಿತ ಹೊಣೆ. ಇವತ್ತು ನಾವು ಸೊಸಾಯ್ಟಿಯಲ್ಲಿ ಸಾವಿರ ರೂಪಾಯಿ ಷೇರು ಹಾಕಿದರೆ, ಸಂಘ ಮುಳುಗಿದರೂ ಹೋಗೋದು ಆ ಸಾವಿರ ಮಾತ್ರ. ಆಗಿನ ಹಳ್ಳಿಯ ಸಂಘದಲ್ಲಿ ಹಾಗಿರಲಿಲ್ಲ. ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದ ಹೊಣೆ. ಮಗ್ಗುಲಮನೆಯವನು ಸಾಲ ತಗೊಂಡು ಇಸ್ಪೀಟು ಆಡಿದರೆ ನನ್ನ ಎತ್ತಿಗೆ ಕುತ್ತು. ಹಾಗಿದ್ದಾಗ ಸದಸ್ಯನನ್ನ ಹೇಗೆ ಸೇರಿಸಿಕೊಳ್ತಿದ್ದಿರಬೇಕು ಯೋಚಿಸಿ. ಇವನಿಗೆ ಎಷ್ಟು ಕೂರಿಗೆ ಹೊಲ, ಸಾವ್ಕಾರನ ಕಡೆ ಎಷ್ಟು ಬಾಕಿ, ಮಾತಿಗೆ ನಿಲ್ಲುವವನೋ ಅಲ್ಲವೋ? ಇದು ಯಾವ ಇನ್ಸ್‌ಪೆಕ್ಟರಿಗೂ ಗೊತ್ತಾಗೋದಲ್ಲ, ಓಣಿಯವರಿಗೆ ಮಾತ್ರ ಗೊತ್ತು. ಅದಕ್ಕೇ ಸಂಘ ಒಂದೇ ಊರಿನದಾಗಿರಬೇಕು ಅಂದದ್ದು. ಲಾಭ ಬಂದರೂ ಹಂಚಿಕೊಳ್ಳುವಂತಿಲ್ಲ, ಮೊದಲು ಕಾಯ್ದಿಟ್ಟ ನಿಧಿಗೆ ಹೋಗಬೇಕು.

ಈ ಪದ್ಧತಿಯಲ್ಲಿ ದೊಡ್ಡ ದೋಷವೂ ಇತ್ತು, ಮುಚ್ಚಿಡೋದು ಬೇಡ. ಹೊಲ ಇಲ್ಲದವನನ್ನ, ಲಾವಣಿಗೆ ಮಾಡುವವನನ್ನ, ಊರ ಹೊರಗಿನ ಕೇರಿಯವನನ್ನ ಯಾರು ಸೇರಿಸಿಕೊಂಡಾರು? ನಮ್ಮ ತಾಲೂಕಿನ ಗೌಳಿಗರಿಗೆ, ಸಿದ್ದಿಯರಿಗೆ ಇಂಥ ಸಂಘದ ಬಾಗಿಲು ತೆರೆಯೋದು ಕಷ್ಟವೇ. ಸಾಲ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಹೊರಗಿಡುವ ಜಾಣತನ ಅದು. ನೂರು ವರ್ಷ ಹಿಂದಿನದು ಎಲ್ಲ ಚಲೋ ಇತ್ತು ಅಂತ ಹೇಳೋ ಚಟ ನನಗಿಲ್ಲ.

ಮುಂದಿನ ಹೆಜ್ಜೆ ಹತ್ತಿಯದು. 1912ರ ಕಾಯ್ದೆ ಸಾಲ ಬಿಟ್ಟು ಬೇರೆ ಕೆಲಸದ ಸಂಘಗಳಿಗೂ ದಾರಿ ಮಾಡಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಂಘಗಳು ಬಂದವು. (ಹತ್ತಿ ಅಂದಮೇಲೆ ಒಂದು ಮಾತು. ಧಾರವಾಡ ಸೀಮೆಯ ಜವಾರಿ ಹತ್ತಿ ಘಟ್ಟ ಇಳಿದು ನಮ್ಮ ಕುಮಟಾ ಬಂದರಿನಿಂದ ಮುಂಬೈಗೆ ಹೋಗ್ತಿತ್ತು. ಅದಕ್ಕೆ ಪೇಟೆಯಲ್ಲಿ ಹೆಸರೇ ಕುಮಟಾ ಹತ್ತಿ. ಕುಮಟಾದಲ್ಲಿ ಬೆಳೆದದ್ದಲ್ಲ!)

ಆಗಿನ ತೊಂದರೆ ಏನಂದ್ರೆ ಬೆರಕೆ. ಉದ್ದ ಎಳೆಯ ಅಮೆರಿಕನ್ ತಳಿಗೂ ಗಿಡ್ಡ ಎಳೆಯ ಜವಾರಿಗೂ ಕಲಸಿದ ಮಾಲು ಪೇಟೆಗೆ ಬಂದರೆ ದರ ಬೀಳೋದು ಎಲ್ಲರದ್ದೂ. ಚೊಕ್ಕ ಬೀಜ ಹಾಕಿ ಚೊಕ್ಕ ಬೆಳೆದವನಿಗೂ ಅದೇ ದರ. ಸಂಘ ಮಾಡಿದ್ದು ಇಷ್ಟು: ಒಳ್ಳೆ ಬೀಜ ಕೊಡೋದು, ಬಂದ ಹತ್ತಿಯನ್ನ ದರ್ಜೆ ಮಾಡಿ ಬೇರೆ ಬೇರೆ ಇಟ್ಟು ಹರಾಜು ಹಾಕೋದು, ಮಾರುವ ತನಕ ತಡೆಯಲಿಕ್ಕೆ ಮಾಲಿನ ಮೇಲೆ ಮುಂಗಡ ಕೊಡೋದು. ಇಲ್ಲಿ ಸದಸ್ಯ ಅಂದ್ರೆ ಸಾಲಕ್ಕೆ ಜಾಮೀನು ನಿಂತವನಲ್ಲ, ತನ್ನ ಮಾಲನ್ನ ಸಂಘದ ತಕ್ಕಡಿಗೇ ತಂದು ಹಾಕುವವನು. ಆದರೆ ದಲಾಲನ ಹತ್ತಿರ ಮೊದಲೇ ರೊಕ್ಕ ಎತ್ತಿದವನು ಸಂಘಕ್ಕೆ ಎಷ್ಟೇ ಷೇರು ಹಾಕಿದ್ದರೂ ಹತ್ತಿ ಹೋಗೋದು ದಲಾಲನ ಅಂಗಡಿಗೇ. ಸಾಲ ಒಂದು ಕಡೆ, ಮಾರಾಟ ಇನ್ನೊಂದು ಕಡೆ ಇದ್ದರೆ ಸಂಘ ನಡೆಯೋಲ್ಲ ಅನ್ನೋದು ಆಗಲೇ ಕಂಡಿತ್ತು. ಇವತ್ತಿನ ಕಬ್ಬಿನ ರೈತನಿಗೆ, ಗೋವಿನಜೋಳದ ರೈತನಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನ ಚೆನ್ನಾಗಿ ಹಿಡಿದವರು ಶಿರಸಿಯ ಅಡಿಕೆಯವರು. ಅಲ್ಲಿ 1920ರಲ್ಲಿ ಜಿಲ್ಲಾ ಮಧ್ಯವರ್ತಿ ಬ್ಯಾಂಕು, 1923ರಲ್ಲಿ ತೋಟಗಾರರ ಮಾರಾಟ ಸಂಘ, ಅಂದ್ರೆ ಟಿಎಸ್‌ಎಸ್. ಬಯಲಿನ ನಮ್ಮ ಭತ್ತ, ಹತ್ತಿಗೆ ಆ ಮಟ್ಟದ ಸಂಘ ನಮ್ಮ ಮೂರ್ನಾಲ್ಕು ತಾಲೂಕಿನಲ್ಲಿ ಬರಲಿಲ್ಲ. ಅಡಿಕೆ ಕೂಡಿಟ್ಟರೆ ಕೆಡೋದಿಲ್ಲ, ಬೆಳೆ ವರ್ಷ ವರ್ಷ ಅದೇ ಮರದಿಂದ ಬರುತ್ತೆ, ಬೆಳೆಗಾರನೂ ಅವನೇ. ನಾವು ಈ ವರ್ಷ ಹತ್ತಿ, ಮರುವರ್ಷ ಗೋವಿನಜೋಳ, ಆಮೇಲೆ ಕಬ್ಬು. ನನ್ನ ಲೆಕ್ಕದಲ್ಲಿ ಇದು ಸಣ್ಣ ಕಾರಣ ಅಲ್ಲ.

ಸ್ವಾತಂತ್ರ್ಯ ಬಂದಮೇಲೆ ಗೋರ್ವಾಲಾ ಸಮಿತಿ ದೇಶದ ತುಂಬ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿ 1954ರಲ್ಲಿ ವರದಿ ಕೊಟ್ಟಿತು. ರೈತ ಎತ್ತುವ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3.1 ಮಾತ್ರ! ಐವತ್ತು ವರ್ಷದ ಗಳಿಕೆ ಅಷ್ಟೇ. ಸಂಘ ದೊಡ್ಡದಾಗಲಿ, ಹೊಣೆ ಪರಿಮಿತವಾಗಲಿ, ಸರ್ಕಾರವೂ ಷೇರು ಹಾಕಲಿ ಅಂತ ಸಮಿತಿ ಹೇಳಿತು. ತಪ್ಪು ಅನ್ನಲಾರೆ. ಬಾಗಿಲು ತೆರೆಯಿತು, ಸಣ್ಣ ರೈತರೂ ಒಳಗೆ ಬಂದರು. ಅದೇ ಬಾಗಿಲಿಂದ ಇನ್ನೊಂದೂ ಬಂತು: ಸದಸ್ಯತ್ವ ಅನ್ನೋದು ಸಾಲದ ಚೀಟಿ ಆಯಿತು. ಸೊನ್ನೆ ಬಡ್ಡಿಯ ಬೆಳೆಸಾಲ, ಸಾಲಮನ್ನಾ, ರೇಷನ್ನು ಬಂದಾಗ ಸೊಸಾಯ್ಟಿ ನೆನಪು. ವಾರ್ಷಿಕ ಸಭೆಗೆ ಬಾ ಅಂದ್ರೆ "ಏನ್ ಕೊಡ್ತಾರ?" ಅನ್ನೋ ಮಾತು. ಸಭೆಯಲ್ಲಿ ಜಮಾಖರ್ಚು ಓದುವಾಗ ಹೊರಗೆ ಊಟದ ಪಾಳಿ ಹತ್ತಿರುತ್ತೆ. 2011ರ 97ನೇ ಸಂವಿಧಾನ ತಿದ್ದುಪಡಿ ಸದಸ್ಯ ಕನಿಷ್ಠ ಸಭೆಗೆ ಬರಬೇಕು, ಕನಿಷ್ಠ ವ್ಯವಹಾರ ಮಾಡಬೇಕು ಅನ್ನೋದಕ್ಕೆ ಜಾಗ ಮಾಡಿತು. ರಾಜ್ಯದ ಸಂಘಗಳ ಮಟ್ಟಿಗೆ ಆ ಭಾಗವನ್ನ 2021ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಅದು ಬೇರೆ ಕಥೆ. ಆದರೆ ಸದಸ್ಯ ಸಭೆಗೆ ಬರಲಿ ಅಂತ ಸಂವಿಧಾನದಲ್ಲಿ ಬರೆಯಬೇಕಾಯಿತು ನೋಡಿ.

ಬೆಳೆದ ಸಂಘವೂ ಇದೆ. 1970ರ ಆಚೀಚೆ ಅಡಿಕೆ ದರ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನ ಕೂಡಿಸಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೆಲವೇ ಸಾವಿರ ಸದಸ್ಯರಿಂದ ಹೊರಟದ್ದು ಈಗ ಲಕ್ಷ ದಾಟಿದೆ. ಕೊಕ್ಕೋ ಕೊಳ್ಳುವವರಿಲ್ಲದಾಗ ಅದನ್ನೂ ಕೊಂಡು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದರು. ಅಲ್ಲಿ ಸದಸ್ಯರನ್ನ ಹುಡುಕಿಕೊಂಡು ತಿರುಗೋದಕ್ಕಿಂತ ಮೊದಲು ಖರೀದಿ ಶುರುವಿತ್ತು. ದರ ಬಿದ್ದ ದಿನ ಬಾಗಿಲು ಹಾಕದ ಅಂಗಡಿ ಅಂತ ಗೊತ್ತಾದ ಮೇಲೆ ಜನ ತಾವೇ ಬಂದರು.

ಹೀಗಾಗಿ ನಮ್ಮ ತೇರಗಾಂವ ಸುತ್ತ ಕಂಪನಿ ಮಾಡುವ ಹುಡುಗರಿಗೆ ನಾನು ಕೇಳೋದು ಇಷ್ಟೇ. ಮುನ್ನೂರು ಹೆಸರಿನ ಪಟ್ಟಿ ತಡವಾದರೂ ಚಿಂತೆಯಿಲ್ಲ, ಮೊದಲು ಒಂದು ವಹಿ ಮಾಡ್ರಿ. ಬರುವ ಸುಗ್ಗಿಗೆ ಯಾರು ಎಷ್ಟು ಚೀಲ ಗೋವಿನಜೋಳ ತಂದು ಒಂದೇ ತಕ್ಕಡಿಗೆ ಹಾಕ್ತಾರೆ, ಅವರಲ್ಲಿ ಯಾರ ಮೇಲೆ ಈಗಾಗಲೇ ಅಂಗಡಿಯ ಮುಂಗಡ ಇದೆ, ಆ ಮುಂಗಡ ತೀರಿಸಲಿಕ್ಕೆ ಎಷ್ಟು ರೊಕ್ಕ ಬೇಕು, ಅಷ್ಟು ಮಾತ್ರ ಬರೀರಿ. ಸಭೆಯ ನೋಟೀಸು ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ, ಲಾವಣಿಗೆ ಮಾಡುವವರ ಹೆಸರೂ ಇರಲಿ, ಅವರು ಬೆಳೆದದ್ದೂ ಗೋವಿನಜೋಳವೇ. ವಹಿಯಲ್ಲಿ ನಲವತ್ತೇ ಹೆಸರು ಬಂದರೆ ನಲವತ್ತು.